ಎಡಗೈಯ ಕಟ್ಟು

ಮಾರ್ಚ್ 3, ಸೋಮವಾರ

ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಕಟ್ಟಿದ ಮಹಾನುಭಾವ ಯಾರೋ, ಅವನನ್ನು ಒಂದೇ ಒಂದು ದಿನ ನನ್ನ ಡ್ರೆಸ್ಸಿಂಗ್ ರೂಮಿನಲ್ಲಿ ತಂದು ಕೂರಿಸಬೇಕು. ಬೊಗಳಿದ ನಾಯಿಯಿಂದಲೇ ಕಚ್ಚಿಸಿಕೊಂಡು ಬಂದವರ ಗಾಯ ಕಟ್ಟುತ್ತಲೇ ನನ್ನ ತಲೆ ನರೆಯಿತು. ಇವತ್ತು ಆ ಸಾಲಿಗೆ ನಾನೂ ಸೇರಿದೆ.

ಬೆಳಗಿನ ಪಾಳಿ ಮುಗಿಸಿಕೊಂಡು ಬರುತ್ತಿದ್ದೆ. ಪಕ್ಕದ ಮನೆಯ ಬಡಗಿಯವರ ಗೇಟು ಎಂದಿನಂತೆ ಹಾರುಹೊಡೆದಿತ್ತು. ಅವರ ನಾಯಿ ಮರದ ರಾಶಿಯ ಮೇಲಿಂದ ಎದ್ದು ಬೊಗಳುತ್ತ ನೇರ ನನ್ನತ್ತಲೇ ಬಂತು. ಅದರ ಹೆಸರು ದೊರೆಯಂತೆ. ಒಳಗಿನಿಂದ ಬಡಗಿಯವರು ಉಜ್ಜುಗೊರಡು ಹಿಡಿದುಕೊಂಡೇ ಕೂಗಿದರು, "ಏನೂ ಮಾಡಲ್ಲ ಸಿಸ್ಟರ್! ಸುಮ್ನೆ ನಿಂತ್ಕೊಳ್ಳಿ, ಓಡ್ಬೇಡಿ ಅಷ್ಟೇ!"

ನಿಂತೆ. ಮಾಡಿತು.

ಎಡಗೈ, ಮೊಣಕೈಯ ಕೆಳಗೆ. ಎರಡು ಹಲ್ಲಿನ ತೂತು, ಒಂದು ಉದ್ದನೆಯ ಸೀಳು. ಹಿಡಿದದ್ದನ್ನು ಬಿಡಲೇ ಇಲ್ಲ ಆ ಪ್ರಾಣಿ. ಬಡಗಿಯವರು ಓಡಿ ಬಂದು ಕತ್ತಿನ ಪಟ್ಟಿ ಹಿಡಿದು ಜಗ್ಗಿದ ಮೇಲೆ ಬಿಟ್ಟಿತು. ಅವರ ಅಂಗಳದ ಕೊಳಾಯಿಯ ಕೆಳಗೇ ಕೂತು ಸೋಪು ಹಾಕಿ ತೊಳೆದುಕೊಂಡೆ. ಬಡಗಿಯವರು ಮುಖ ಸುಣ್ಣವಾಗಿಸಿಕೊಂಡು, "ಯಾವತ್ತೂ ಹೀಗ್ ಮಾಡಿರ್ಲಿಲ್ಲ ಸಿಸ್ಟರ್, ಯಾವತ್ತೂ ಮಾಡಿರ್ಲಿಲ್ಲ" ಅನ್ನುತ್ತ ನಿಂತಿದ್ದರು. ಎಲ್ಲ ನಾಯಿಗಳೂ ಒಂದಲ್ಲ ಒಂದು ದಿನ ಮೊದಲ ಸಲ ಮಾಡುತ್ತವೆ ಮಾರಾಯರೇ ಅನ್ನಬೇಕು ಎನಿಸಿತು. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಹೆದರಿದ್ದೇನೆ. ಬರೆದುಬಿಡುತ್ತೇನೆ, ಇದನ್ನು ಯಾರೂ ಓದುವುದಿಲ್ಲವಲ್ಲ. ಬಾಗಿಲು ತೆಗೆದು ಒಳಗೆ ಬಂದಾಗ "ಏನಾಯ್ತೇ ಕೈಗೆ?" ಎಂದು ಕೇಳುವ ಒಂದು ನರಪಿಳ್ಳೆಯೂ ಮನೆಯಲ್ಲಿ ಇಲ್ಲ ಅನ್ನುವುದು ಗಾಯಕ್ಕಿಂತ ಹೆಚ್ಚು ಉರಿಯಿತು. ತಂಗಿಗೆ ಫೋನ್ ಮಾಡಿದೆ. "ನೀನೇ ನರ್ಸು, ನಾನೇನು ಹೇಳ್ಲಿ ನಿಂಗೆ?" ಎಂದಳು. ಸರಿಯೇ.

ಮಾರ್ಚ್ 4, ಮಂಗಳವಾರ

ಇವತ್ತು ರಜೆ ಹಾಕಿ, ಆಸ್ಪತ್ರೆಗೆ ಹೋಗಿ ನಾಯಿ ಕಡಿತದ ಚುಚ್ಚುಮದ್ದು ಹಾಕಿಸಿಕೊಂಡು ಬಂದೆ. ಸಂಜೆ ಬಡಗಿಯವರು ಮಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಹಣ್ಣಿನ ಚೀಲ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ನಗರಸಭೆಗೆ ಹೇಳ್ತೀರಾ ಸಿಸ್ಟರ್?" ಎಂದರು.

ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಬೀದಿಯಲ್ಲಿ ಹೋಗುವವರನ್ನು ಕಚ್ಚಿದ ನಾಯಿ ಎಂದು ದೂರು ಹೋದರೆ ಗಾಡಿ ತಂದು ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ವಾಪಸು ಕೊಡುವ ಮಾತಿಲ್ಲ. ಸೂಜಿ ಹಾಕಿ ಮುಗಿಸುತ್ತಾರೆ.

ಮಗಳು ತಲೆ ತಗ್ಗಿಸಿಕೊಂಡೇ ಮಾತಾಡಿದಳು. ಗಂಡನನ್ನು ಬಿಟ್ಟು ಬಂದು ವರ್ಷವಾಯಿತಂತೆ. "ಅವನು ಎರಡು ಸಲ ಬಾಗಿಲು ಒದ್ದು ಒಳಗೆ ಬಂದ ಆಂಟಿ. ಎರಡು ಸಲಾನೂ ಓಡ್ಸಿದ್ದು ದೊರೆನೇ. ಅಪ್ಪನ ಕೈಲಿ ಆಗಲ್ಲ. ದೊರೆ ಹೊಸ್ತಿಲಲ್ಲಿ ಮಲಗಿದ್ರೆ ಮಾತ್ರ ನಂಗೆ ನಿದ್ದೆ ಬರೋದು."

ಕರುಳು ಚುರ್ರೆಂದಿತು. ನಾನೇನು ಕಲ್ಲೇ? ಆದರೂ ಹೇಳಬೇಕಾದ್ದನ್ನು ಹೇಳಿದೆ. "ನೋಡಿ, ನಾಯಿ ಸಾಕೋದು ನಿಮ್ಮಿಷ್ಟ. ಬೀದಿ ನಿಮ್ಮದಲ್ಲ. ಗೇಟು ಹಾಕಿ. ಹೊರಗೆ ಕರ್ಕೊಂಡು ಹೋಗೋವಾಗ ಬಾಯಿಗೆ ಕುಕ್ಕೆ ಹಾಕಿ, ಹಗ್ಗ ನಿಮ್ಮ ಕೈಲಿ ಗಟ್ಟಿಯಾಗಿರ್ಲಿ. ಏನೂ ಮಾಡಲ್ಲ ಅನ್ನೋದು ಮಾತ್ರ ಇನ್ಮೇಲೆ ಯಾರ ಹತ್ರಾನೂ ಹೇಳ್ಬೇಡಿ." ಬಡಗಿಯವರು ಪ್ರತಿ ಮಾತಿಗೂ ತಲೆಯಾಡಿಸಿದರು. ದೂರು ಕೊಡುವುದಿಲ್ಲ, ಮೊದಲು ಗಾಯ ವಾಸಿಯಾಗಲಿ, ಆಮೇಲೆ ನೋಡೋಣ ಎಂದೆ.

ಹೊರಡುವಾಗ ಬಚ್ಚಲುಮನೆಯ ಬಾಗಿಲು ಕಣ್ಣಿಗೆ ಬಿತ್ತು ಅವರಿಗೆ. ಎರಡು ವರ್ಷದಿಂದ ಜೋತುಬಿದ್ದಿದೆ, ಹಗ್ಗ ಕಟ್ಟಿ ಎಳೆದುಕೊಳ್ಳುತ್ತೇನೆ. "ನಾಳೆ ಬಂದು ಕೂರಿಸ್ಕೊಡ್ತೀನಿ ಸಿಸ್ಟರ್, ಇಷ್ಟಾದ್ರೂ ಮಾಡ್ಬೇಡ್ವಾ ನಾನು" ಎಂದರು. ಬೇಡ ಅನ್ನಲಿಲ್ಲ.

ಮಾರ್ಚ್ 7, ಶುಕ್ರವಾರ

ಬಾಗಿಲು ಕೂತಿತು. ಬೆರಳಿನಲ್ಲಿ ತಳ್ಳಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ.

ಬಡಗಿಯವರು ಕೆಲಸ ಮಾಡುವಾಗ ಕೆಮ್ಮುತ್ತಾರೆ, ಮರದ ಹೊಟ್ಟಿನ ಕೆಮ್ಮು. ನಾನು ಅಡುಗೆಮನೆಯಲ್ಲಿ ಟೀ ಕುದಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಈ ಮನೆಯಲ್ಲಿ ಇನ್ನೊಬ್ಬರ ಕೆಮ್ಮು ಕೇಳಿಸಿ ಯಾವ ಕಾಲವಾಗಿತ್ತೋ. ಎರಡು ಲೋಟ ತೊಳೆದಿಟ್ಟೆ. ಅದೂ ಒಂಥರಾ ಚೆನ್ನಾಗಿತ್ತು.

ಹೋಗುವಾಗ ಕಿಟಕಿಯ ಚಿಲಕವೂ ಸಡಿಲವಿದೆ ಎಂದು ನಾನೇ ತೋರಿಸಿದೆ. "ಅದಕ್ಕೇನು ಸಿಸ್ಟರ್" ಎಂದರು.

ಮಾರ್ಚ್ 13, ಗುರುವಾರ

ಕಚ್ಚಿದ ನಾಯಿ ಹತ್ತು ದಿನ ಗಟ್ಟಿಮುಟ್ಟಾಗಿದ್ದರೆ ಅದಕ್ಕೆ ಹುಚ್ಚಿಲ್ಲ ಎಂದರ್ಥ. ಇವತ್ತಿಗೆ ಹತ್ತಾಯಿತು. ದೊರೆ ಹಿತ್ತಿಲಲ್ಲಿ ಸರಪಳಿಯಲ್ಲಿ ನಿಂತು ನನ್ನನ್ನು ಕಂಡು ಬಾಯಿ ಹರಿದುಕೊಳ್ಳುತ್ತಿತ್ತು. ಬಾಯಿಗೆ ಕುಕ್ಕೆ ಇದೆ. ಒಳ್ಳೆಯದಾಯಿತು.

ಬಡಗಿಯವರು ಬೇಲಿಯ ಹತ್ತಿರ ಬಂದು ಕೇಳಿದರು, "ಇನ್ನು ಭಯ ಇಲ್ಲ ಅಲ್ವಾ ಸಿಸ್ಟರ್? ಒಂದು ಸ್ವಲ್ಪ ಹೊತ್ತು ಬಿಡ್ಲಾ ಒಳಗೆ?"

"ಹಾಗೆಲ್ಲ ಹೇಳೋಕಾಗಲ್ಲ. ಒಂದು ತಿಂಗಳಾದ್ರೂ ನೋಡ್ಬೇಕು" ಎಂದೆ. ಬಾಯಿಗೆ ಬಂದುಬಿಟ್ಟಿತು. ಎಚ್ಚರಿಕೆ ಎಷ್ಟಿದ್ದರೂ ಕಡಿಮೆಯೇ. "ನೀವು ಹೇಳಿದ್ರೆ ಸರಿ" ಎಂದು ಹೋದರು. ನರ್ಸಿನ ಮಾತಿಗೆ ಜನ ಎದುರಾಡುವುದಿಲ್ಲ, ಅದೊಂದು ಮರ್ಯಾದೆ ಉಳಿದಿದೆ ನಮ್ಮ ಕೆಲಸಕ್ಕೆ.

ಮಾರ್ಚ್ 19, ಬುಧವಾರ

ಡಾಕ್ಟರು ಇವತ್ತು ಎಲ್ಲರ ಎದುರಿಗೇ ಕೇಳಿದರು. "ಸಿಸ್ಟರ್, ಗಾಯ ಒಣಗಿದೆಯಲ್ರೀ. ಇನ್ನೂ ಯಾಕ್ರೀ ಈ ಕಟ್ಟು? ಗಾಳಿ ಆಡ್ಲಿ ಬಿಡಿ. ನಿಮಗೂ ನಾನೇ ಹೇಳ್ಬೇಕಾ?" ಹೊಸ ಹುಡುಗಿಯರು ಕಿಸಕ್ಕೆಂದರು.

ಬಿಚ್ಚಿದೆ. ನಿಜವೇ, ಒಣಗಿದೆ. ತೂತು ಮುಚ್ಚಿಕೊಂಡಿವೆ, ಸೀಳಿನ ಜಾಗದಲ್ಲಿ ತೆಳ್ಳಗೆ ಹೊಸ ಚರ್ಮ.

ಸಂಜೆ ಮನೆಗೆ ಬರುವಾಗ, ನಮ್ಮ ಗಲ್ಲಿಯ ತಿರುವಿನ ಅಂಗಡಿಯ ಪಕ್ಕ ನಿಂತು ಮತ್ತೆ ಕಟ್ಟಿಕೊಂಡೆ. ಗಲ್ಲಿಯಲ್ಲಿ ಧೂಳು ಜಾಸ್ತಿ. ಅಲ್ಲದೆ ಬಡಗಿಯವರು ಅಡುಗೆಮನೆಗೆ ಹಲಗೆ ಹೊಡೆಯುವುದು ಅರ್ಧಕ್ಕೆ ನಿಂತಿದೆ. ಅವರಿಗೆ ನಡುವೆ ಗೊಂದಲ ಬೇಡ.

ಮಾರ್ಚ್ 23, ಭಾನುವಾರ

ಹಲಗೆ ಮುಗಿಯಿತು. ಸಾಲಾಗಿ ಡಬ್ಬ ಜೋಡಿಸಿದೆ. ಎಷ್ಟು ವರ್ಷದಿಂದ ನೆಲದ ಮೇಲೆ ಬಿದ್ದಿದ್ದ ಡಬ್ಬಗಳು! ಬಡಗಿಯವರೂ ಕೈಕಟ್ಟಿ ನೋಡಿ, "ಈಗ ಮನೆ ಅನ್ನಿಸ್ತಿದೆ ಸಿಸ್ಟರ್" ಎಂದರು. ಖುಷಿಯಾಯಿತು.

"ಇನ್ನು ಬರಲ್ವಾ ಹಾಗಾದ್ರೆ?" ಎಂದೆ.

ತಡವರಿಸಿದರು. ಮಗಳು ಒಂಟಿ, ಬಾಗಿಲು ಕಿಟಕಿಗಳ ಒಂದು ದೊಡ್ಡ ಕೆಲಸ ಒಪ್ಪಿಕೊಂಡಿದ್ದಾರೆ, ಹೊಸ ಮನೆಯದು, ಗಡುವು ಹತ್ತಿರವಾಗಿದೆ, ಹೀಗೆಲ್ಲ. ನಾನು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಸ್ವಲ್ಪ ಮುಖ ಹಿಂಡಿದೆ, ಅಷ್ಟೇ. ನೋವೂ ಇತ್ತು, ಸುಳ್ಳಲ್ಲ, ಹವೆ ಬದಲಾದಾಗ ಎಳೆಯುತ್ತದೆ.

ಅವರ ಮುಖ ಇಳಿಯಿತು. "ಇನ್ನೂ ನೋವಾ?"

"ನರಕ್ಕೆ ತಾಗಿರ್ಬೋದು. ನಗರಸಭೆಯವರು ನೋಡಿದ್ರೆ ಏನಂತಾರೋ" ಎಂದೆ.

"ಭಾನುವಾರ ಬರ್ತೀನಿ ಸಿಸ್ಟರ್. ಬಟ್ಟೆ ಕಪಾಟು ಮಾಡ್ಕೊಡ್ತೀನಿ. ಮರ ನನ್ನ ಹತ್ರಾನೇ ಇದೆ."

"ನಿನ್ನಿಷ್ಟ" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಏಕವಚನ ಬಂದುಬಿಟ್ಟಿದೆ. ಅವರೇನೂ ಅಂದುಕೊಂಡ ಹಾಗೆ ಕಾಣಲಿಲ್ಲ. ಸಲಿಗೆ ಬೆಳೆದಾಗ ಬರುತ್ತದೆ, ಅದರಲ್ಲೇನಿದೆ.

ಏಪ್ರಿಲ್ 1, ಮಂಗಳವಾರ

ಭಾನುವಾರ ಬಂದವನು ಇವತ್ತೂ ಬಂದು ಕಪಾಟಿಗೆ ಅಳತೆ ತೆಗೆದುಕೊಂಡ. ಮೂರು ಬಾಗಿಲು ಹೇಳಿದ್ದೇನೆ. ಎರಡು ಸಾಕು ಅಂದ, ನಾನು ಸುಮ್ಮನೆ ಕೈ ನೋಡಿಕೊಂಡೆ. ಮೂರಕ್ಕೆ ಒಪ್ಪಿದ. ಟೀಗೆ ಸಕ್ಕರೆ ಕಡಿಮೆ ಬೇಕಂತೆ, ಮೊದಲೇ ಹೇಳಬಾರದೇ ಈ ಮನುಷ್ಯ.

ಏಪ್ರಿಲ್ 6, ಭಾನುವಾರ

ಅವನು ಬರುವ ಮೊದಲೇ ಮಗಳು ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಆಂಟಿ, ಕೈ ತೋರ್ಸಿ" ಎಂದಳು.

ನೋಡಿ ಧೈರ್ಯ! ನನ್ನ ಮನೆಯ ಬಾಗಿಲಲ್ಲಿ ನಿಂತು ನನ್ನ ಕೈ ಕೇಳುತ್ತಾಳೆ.

"ನೀನೇನು ಡಾಕ್ಟ್ರಾ?" ಎಂದೆ.

"ತಿಂಗಳ ಮೇಲಾಯ್ತು. ಅಪ್ಪ ಹೊಸ ಮನೆ ಕೆಲಸ ಬಿಟ್ಟು ಇಲ್ಲಿ ಕೂತಿರ್ತಾರೆ. ಆ ಮನೆಯವರು ಕೆಲಸ ಬೇರೆಯವರಿಗೆ ಕೊಡ್ತೀವಿ ಅಂತಿದ್ದಾರೆ. ದೊರೆನ ಗಿಡ್ಡ ಸರಪಳೀಲಿ ಕಟ್ಟಿ ಕಟ್ಟಿ ಅದರ ಗಂಟಲು ಹೋಗಿದೆ, ಕೇಳಿಸಲ್ವಾ ನಿಮಗೆ? ತಪ್ಪು ನಮ್ಮದೇ ಆಂಟಿ, ಒಪ್ಕೊಂಡಿದ್ದೀವಿ. ಗೇಟು ಹಾಕ್ಬೇಕಿತ್ತು, ಹಾಕ್ಲಿಲ್ಲ. ಈಗ ಹಾಕ್ತಿದ್ದೀವಿ. ಇನ್ನೇನು ಮಾಡ್ಬೇಕು ಹೇಳಿ."

ಇಷ್ಟು ಮಾತು ಎಲ್ಲಿತ್ತೋ ಆ ತಗ್ಗಿಸಿದ ತಲೆಯಲ್ಲಿ! ಮೈಯೆಲ್ಲ ಉರಿಯಿತು. "ನಿನ್ನ ಗಂಡನ ಹತ್ರ ಹೀಗೇ ಮಾತಾಡ್ತಿದ್ಯಾ? ಅದಕ್ಕೇ ಇರ್ಬೇಕು" ಎಂದೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹೊರಟುಹೋದಳು. ಅಂದಿದ್ದು ಸ್ವಲ್ಪ ಜಾಸ್ತಿಯಾಯಿತೇನೋ. ಆದರೆ ಕೆಣಕಿದ್ದು ಯಾರು? ಕಚ್ಚಿಸಿಕೊಂಡವಳು ನಾನು. ಅದನ್ನು ಎಲ್ಲರೂ ಮರೆಯುತ್ತಾರೆ.

ಬಡಗಿ ಹತ್ತು ಗಂಟೆಗೆ ಬಂದ. ಮಗಳು ಬಂದಿದ್ದ ವಿಷಯ ಅವನಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ, ನಾಳೆ ಹೇಳಿದರಾಯಿತು.

ಏಪ್ರಿಲ್ 13, ಭಾನುವಾರ

ಇವತ್ತು ಮನಸ್ಸಿಗೆ ಸಮಾಧಾನವಾಯಿತು.

ಬೆಳಿಗ್ಗೆ ಬೇಲಿಯ ಪಕ್ಕ ಬಟ್ಟೆ ಒಣಹಾಕುತ್ತಿದ್ದೆ. ದೊರೆ ಗುರ್ ಎಂದಿತು. ಗಂಟಲು ಕೆಟ್ಟಿದೆ, ಬೊಗಳಲು ಬರುವುದಿಲ್ಲ, ಆದರೂ ಗುರ್ ಅನ್ನುವ ಕೊಬ್ಬು ಹೋಗಿಲ್ಲ. ನಾಯಿ ಬಾಲ ಯಾವತ್ತಿದ್ದರೂ ಡೊಂಕೇ. ಬಡಗಿಯನ್ನು ಕರೆದೆ.

"ನೋಡು, ಇನ್ನೂ ಬುದ್ಧಿ ಬಂದಿಲ್ಲ ಇದಕ್ಕೆ. ಎರಡು ಬಿಡು."

ಅವನಿಗೆ ಅರ್ಥವಾಗಲಿಲ್ಲ. "ಏನ್ ಸಿಸ್ಟರ್?"

"ಹೊಡಿ. ನನ್ನೆದುರಿಗೆ. ನಂಗೂ ನಂಬಿಕೆ ಬರ್ಬೇಕಲ್ಲ, ನಿನ್ನ ಮಾತು ಕೇಳುತ್ತೆ ಅಂತ."

"ಅದು ಕಟ್ಹಾಕಿದೆ ಸಿಸ್ಟರ್. ಬಾಯಿಗೂ ಹಾಕಿದೆ. ಕಟ್ಹಾಕಿರೋದಕ್ಕೆ ಹೇಗೆ ಹೊಡೀಲಿ?"

"ಸರಿ ಬಿಡು. ನಾಳೆ ನಗರಸಭೆಯವರೇ ಬಂದು ಹೇಳಿಕೊಡ್ತಾರೆ ಹೇಗೆ ಅಂತ."

ಅವನು ಬಾಗಿ ಒಂದು ಮರದ ರೀಪು ಎತ್ತಿಕೊಂಡ. ಮೊದಲ ಏಟು ಮೆಲ್ಲಗೆ ಹಾಕಿದ, ನಾನು ನಕ್ಕುಬಿಟ್ಟೆ, "ಧೂಳು ಕೊಡವ್ತಿದ್ದೀಯಾ?" ಎಂದೆ. ಎರಡನೆಯದು ಸರಿಯಾಗಿ ಬಿತ್ತು. ಮೂರನೆಯದು ಇನ್ನೂ ಸರಿಯಾಗಿ. ನಾಯಿ ನನ್ನ ಕಡೆ ನೋಡಲೇ ಇಲ್ಲ, ಅವನನ್ನೇ ನೋಡುತ್ತಿತ್ತು. ಕೂಗಲೂ ಇಲ್ಲ, ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ತೆವಳುತ್ತ ಬಂದು ಅವನ ಪಾದದ ಮೇಲೆ ಕುಕ್ಕೆ ಸಮೇತ ಮೂತಿ ಇಟ್ಟಿತು. ಅಷ್ಟರಲ್ಲಿ ಅವನ ಕಣ್ಣಲ್ಲಿ ನೀರು. ಅರವತ್ತರ ಗಂಡಸು, ನಾಯಿಗೆ ಎರಡೇಟು ಹಾಕಿದ್ದಕ್ಕೆ ಅಳುತ್ತಾನೆ! ಈ ಮೃದುತನದಿಂದಲೇ ನಾಯಿ ಕೆಟ್ಟಿದ್ದು.

ಸಾಕು ಎಂದೆ. ನಾನೇನು ಕಟುಕಿಯಲ್ಲ.

ಮಧ್ಯಾಹ್ನ ಕಪಾಟಿನ ಎರಡು ಬಾಗಿಲು ಕೂರಿಸಿದ. ಟೀ ಕುಡಿಯಲಿಲ್ಲ. ಸಕ್ಕರೆ ಕಡಿಮೆಯೇ ಹಾಕಿದ್ದೆ.

ಏಪ್ರಿಲ್ 20, ಭಾನುವಾರ

ಬರಲಿಲ್ಲ.

ಹತ್ತಕ್ಕೆ ಟೀ ಇಟ್ಟೆ, ಹನ್ನೊಂದಕ್ಕೆ ಬಿಸಿ ಮಾಡಿದೆ, ಹನ್ನೆರಡಕ್ಕೆ ಚೆಲ್ಲಿದೆ. ಕಪಾಟಿನ ಮೂರನೆಯ ಬಾಗಿಲು ಗೋಡೆಗೆ ಒರಗಿದೆ. ಬೇಲಿಯ ಬಳಿ ಹೋಗಿ ಕೂಗಿದೆ. ಮಗಳು ಹೊರಗೆ ಬಂದು, "ಅಪ್ಪ ಹೊಸ ಮನೆ ಕೆಲಸಕ್ಕೆ ಹೋಗಿದ್ದಾರೆ. ಇವತ್ತು ಬಾಗಿಲು ಕೊಡ್ದಿದ್ರೆ ಕೆಲಸ ಕೈ ತಪ್ಪುತ್ತೆ. ಇನ್ಮೇಲೆ ಅವರು ನಿಮ್ಮನೆಗೆ ಬರಲ್ಲ, ನಾನೇ ಬೇಡ ಅಂದೆ" ಎಂದಳು. ಅವಳ ಕಾಲ ಬಳಿ ದೊರೆ. ಸರಪಳಿ ಇತ್ತು, ಸರಪಳಿ ಅವಳ ಕೈಯಲ್ಲೇ ಇತ್ತು, ಕುಕ್ಕೆಯೂ ಇತ್ತು. ತಪ್ಪು ಹುಡುಕಲು ಏನೂ ಇರಲಿಲ್ಲ.

ನನ್ನ ಮನೆಗೆ ಬರಬೇಡ ಅನ್ನಲು ಅವಳು ಯಾರು? ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದೆನಲ್ಲ, ಅದಕ್ಕೆ ಬೆಲೆ ಇದು. ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ.

ಇಡೀ ದಿನ ಮನೆಯಲ್ಲಿ ಒಂದು ಸದ್ದಿಲ್ಲ.

ಏಪ್ರಿಲ್ 21, ಸೋಮವಾರ

ಹೊಸ ಚರ್ಮ ಒಣ ಬಟ್ಟೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಕಟ್ಟು ಬಿಚ್ಚುವ ಮೊದಲು ಒದ್ದೆ ಮಾಡಬೇಕು. ಒಣಗಿದ್ದನ್ನು ಹಾಗೇ ಎಳೆದರೆ ಅದರ ಜೊತೆ ಚರ್ಮವೂ ಬರುತ್ತದೆ, ಹಸಿ ಗಾಯ ಮತ್ತೆ ಬಾಯಿ ಬಿಡುತ್ತದೆ. ಇದನ್ನು ಹೊಸ ಹುಡುಗಿಯರಿಗೆ ಮೊದಲ ದಿನವೇ ಬೈದು ಕಲಿಸುತ್ತೇನೆ.

ನನ್ನ ಗಾಯ ಪೂರ್ತಿ ಮಾಗಿರಲಿಲ್ಲ, ನೋಡಿದವರು ಹಾಗೆ ಅಂದುಕೊಂಡಿದ್ದರು ಅಷ್ಟೇ. ಒರಟು ಬಟ್ಟೆಯಲ್ಲಿ ಸ್ವಲ್ಪ ತಿಕ್ಕಿದೆ, ಬಿಗಿಯಾಗಿ ಕಟ್ಟಿದೆ, ಒಣಗಿದ ಮೇಲೆ ಎಳೆದೆ. ಮೂರು ಸಲ ಮಾಡಬೇಕಾಯಿತು. ಕಣ್ಣಲ್ಲಿ ನೀರು ಬಂತು. ಈಗ ಚೆನ್ನಾಗಿ ಕಾಣುತ್ತದೆ. ಅಂದರೆ, ಇರುವ ಹಾಗೆ ಕಾಣುತ್ತದೆ.

ಏಪ್ರಿಲ್ 22, ಮಂಗಳವಾರ

ನಗರಸಭೆಗೆ ಹೋಗಿ ಬಂದೆ. ಸುಮ್ಮನೆ ಒಂದು ಹೆದರಿಕೆ ಇರಲಿ ಎಂದು. ಅಧಿಕಾರಿ ಬಂದು ಎರಡು ಮಾತು ಗದರಿದರೆ ಬಡಗಿಗೆ ಜ್ಞಾನೋದಯವಾಗುತ್ತದೆ, ಓಡಿಬಂದು ನನ್ನ ಕೈಕಾಲು ಹಿಡಿಯುತ್ತಾನೆ, ಆಗ ನಾನೇ ಹೋಗಿ ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಷ್ಟೇ ನನ್ನ ಲೆಕ್ಕಾಚಾರ.

ಅಧಿಕಾರಿ ಒಳ್ಳೆಯವರು. ಕುರ್ಚಿ ಎಳೆದುಕೊಟ್ಟರು. ಕಟ್ಟು ಬಿಚ್ಚಿ ತೋರಿಸಿದಾಗ ಮುಖ ಆಚೆ ತಿರುಗಿಸಿದರು. "ಯಾವಾಗ ಕಚ್ಚಿದ್ದು?"

"ಮಾರ್ಚ್‌ನಲ್ಲಿ ಒಂದು ಸಲ" ಎಂದೆ.

"ಇದು ಹಸಿ ಇದೆಯಲ್ಲ. ಮತ್ತೆ ಕಚ್ಚಿತಾ?"

ನಾನು ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಕಟ್ಟು ಸುತ್ತಿಕೊಳ್ಳುತ್ತಿದ್ದೆ. ಅವರೇ ತಲೆಯಾಡಿಸಿ, "ಎರಡು ಸಲ ಆದ ಮೇಲೆ ಗದರಿ ಬಿಡೋ ಪ್ರಶ್ನೆ ಇಲ್ಲ ಸಿಸ್ಟರ್. ನೀವು ಆಸ್ಪತ್ರೆಯವರು, ನಿಮ್ಮ ಮಾತೇ ಸಾಕು" ಎಂದರು.

ಬಾಯಿ ತೆರೆಯಬಹುದಿತ್ತು. ಅಷ್ಟರಲ್ಲಿ ಅವರಿಗೆ ಫೋನ್ ಬಂತು.

ಏಪ್ರಿಲ್ 24, ಗುರುವಾರ

ಗಾಡಿ ಬಂದಿತ್ತು. ನಾನು ಕಿಟಕಿಯಿಂದ ನೋಡಿದೆ.

ಹಿಡಿಯುವವರು ಇಬ್ಬರು, ಉದ್ದ ಕೋಲಿನ ತುದಿಗೆ ಕುಣಿಕೆ. ಮಗಳು ಗೇಟಿಗೆ ಅಡ್ಡ ನಿಂತು "ಒಂದೇ ಸಲ ಕಚ್ಚಿದ್ದು, ಒಂದೇ ಸಲ, ಕೇಳಿ ಬೇಕಾದ್ರೆ ಅವರನ್ನೇ" ಎಂದು ನನ್ನ ಮನೆಯ ಕಡೆ ಕೈ ತೋರಿಸುತ್ತಿದ್ದಳು. ಅವಳ ಕೂಗಿಗೆ ಎದುರುಮನೆಯವರೆಲ್ಲ ಹೊರಗೆ ಬಂದರು. ನಾನು ಹೋಗುವವಳೇ, ಆದರೆ ಸೀರೆ ಬದಲಿಸಬೇಕಿತ್ತು, ಅಷ್ಟು ಜನರೆದುರು ಹೇಗಿದ್ದರೆ ಹಾಗೆ ಹೋಗಲಾಗುತ್ತದೆಯೇ? ಕೊನೆಗೆ ಬಡಗಿಯೇ ಮಗಳನ್ನು ಪಕ್ಕಕ್ಕೆ ಸರಿಸಿದ. ಕುಣಿಕೆ ಬೇಡ ಎಂದು ಹೇಳಿ, ತಾನೇ ನಾಯಿಯನ್ನು ಎತ್ತಿ ಗಾಡಿಯೊಳಗೆ ಇಟ್ಟ. ಅದು ಒದ್ದಾಡಲಿಲ್ಲ. ಅವನು ಎಲ್ಲಿಗೋ ಕರೆದುಕೊಂಡು ಹೋಗುತ್ತಾನೆ ಅಂದುಕೊಂಡಿತೇನೋ.

ಸಂಜೆಯವರೆಗೂ ಕಾದೆ. ಬಂದು ಕೇಳಿದ್ದರೆ ಹೋಗಿ ಬಿಡಿಸಿಕೊಂಡು ಬರುತ್ತಿದ್ದೆ. ಆಣೆಯಾಗಿಯೂ. ಬಂದು ಕೇಳಬೇಕಲ್ಲ.

ಏಪ್ರಿಲ್ 27, ಭಾನುವಾರ

ಸರಿಯಾಗಿ ಹತ್ತಕ್ಕೆ ಬಡಗಿ ಬಂದ! ನನ್ನ ಮುಖ ನೋಡದೆ ಒಳಗೆ ಹೋಗಿ ಕಪಾಟಿನ ಮೂರನೆಯ ಬಾಗಿಲು ಎತ್ತಿ ಕೂರಿಸಿದ. ತಿರುಪು ಬಿಗಿದ. ಮೂರೂ ಬಾಗಿಲು ಒಂದೊಂದಾಗಿ ಮುಚ್ಚಿ ತೆರೆದು ನೋಡಿದ. ಹಿಡಿಸೂಡಿ ಕೇಳದೆ ತಾನೇ ಹುಡುಕಿ ತಂದು ಹೊಟ್ಟು ಗುಡಿಸಿದ.

"ಟೀ?" ಎಂದೆ.

ಹೊಟ್ಟು ಎತ್ತಿ ಹೊರಗೆ ಚೆಲ್ಲಿ ಬಂದ.

"ನಾನು ಸುಮ್ನೆ ಹೆದರ್ಸೋಕೆ ಅಂತ ಹೋಗಿದ್ದೆ. ಅವರು ಹೀಗೆ ಸೂಜಿ ಹಾಕೇ ಬಿಡ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಸಲಕರಣೆಗಳನ್ನು ಚೀಲಕ್ಕೆ ತುಂಬಿಕೊಂಡ. ಬಾಗಿಲ ಬಳಿ ನಿಂತು, "ಕೆಲಸ ಅರ್ಧಕ್ಕೆ ಬಿಟ್ರೆ ನಂಗೆ ಆಗಲ್ಲ. ಅದಕ್ಕೇ ಬಂದೆ" ಎಂದ. ಹೋದ.

ಎಂಥ ದುರಹಂಕಾರ! ನಾಯಿಗೋಸ್ಕರ ಮನುಷ್ಯರನ್ನು ಬಿಡುವ ಜನ. ಆದರೆ ಕಪಾಟು ಚೆನ್ನಾಗಿದೆ, ಅದನ್ನು ಹೇಳಲೇಬೇಕು. ನನ್ನ ಬಟ್ಟೆಗೆ ಒಂದು ಬಾಗಿಲೇ ಸಾಕಾಯಿತು.

ಮೇ 11, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಪಕ್ಕದ ಮನೆಯ ಮುಂದೆ ಕಾರು ನಿಂತಿತು. ಮಗಳ ಗಂಡ. ನೋಡಲು ಲಕ್ಷಣವಾಗಿದ್ದಾನೆ, ಇಸ್ತ್ರಿ ಅಂಗಿ. ಜೊತೆಗೆ ಇನ್ನಿಬ್ಬರು. ಗೇಟು ತೆಗೆದು ಒಂದು ಗಳಿಗೆ ಹಿತ್ತಿಲ ಕಡೆ ಕಿವಿಗೊಟ್ಟ. ಸದ್ದಿಲ್ಲ. ಆಮೇಲೆ ಒಳಗೆ ಹೋದ.

ಮೊದಲು ಮಾತು. ಆಮೇಲೆ ಏನೋ ಬಿದ್ದ ಸದ್ದು. ಬಡಗಿಯ ಕೆಮ್ಮು. ಅವಳು ಎರಡು ಸಲ "ಆಂಟೀ" ಎಂದು ಕೂಗಿದಳು. ನನ್ನನ್ನೇ ಎಂದು ಹೇಗೆ ಹೇಳುವುದು, ಈ ಗಲ್ಲಿಯಲ್ಲಿ ಎಷ್ಟೋ ಆಂಟಿಯರು. ಎದ್ದೆ. ಕೈ ತೊಳೆದೆ. ಬಾಗಿಲ ತನಕ ಹೋಗಿ ಚಿಲಕದ ಮೇಲೆ ಕೈಯಿಟ್ಟೆ. ಮೊನ್ನೆಯವರೆಗೆ ನನ್ನ ಮುಖ ಕಂಡರೆ ಉಗುಳುವ ಹಾಗೆ ಹೋಗುತ್ತಿದ್ದವಳು ಇವತ್ತು ಆಂಟಿ ಅನ್ನುತ್ತಾಳೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಊರ ಉಸಾಬರಿ ನನಗೇಕೆ? ಟಿವಿಯ ಸದ್ದು ಜೋರು ಮಾಡಿದೆ.

ಕಾರು ಹೊರಟಾಗ ನೋಡಿದೆ. ಅವಳು ಹಿಂದಿನ ಸೀಟಿನಲ್ಲಿ, ಇಬ್ಬರ ನಡುವೆ.

ಮೇ 12, ಸೋಮವಾರ

ಗಂಡನ ಮನೆ ಸೇರಿದಳಂತೆ. ಒಳ್ಳೆಯದೇ ಆಯಿತು. ಎಷ್ಟು ದಿನ ಅಂತ ಅಪ್ಪನ ತಲೆಯ ಮೇಲೆ ಕೂತಿರುವುದು. ಬಡಗಿ ಹಣೆಗೆ ಪಟ್ಟಿ ಅಂಟಿಸಿಕೊಂಡು ಅಂಗಳದಲ್ಲಿ ಕೂತಿದ್ದ, ಗಾಯ ಸರಿಯಾಗಿ ತೊಳೆದಿಲ್ಲವೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಕರೆದಿದ್ದರೆ ಹೋಗಿ ಕಟ್ಟುತ್ತಿದ್ದೆ. ಅವನ ಗೇಟು ಮತ್ತೆ ಹಾರುಹೊಡೆದಿತ್ತು.

ಜೂನ್ 16, ಸೋಮವಾರ

ಇವತ್ತು ಡ್ರೆಸ್ಸಿಂಗ್ ರೂಮಿನ ಸಾಲು ಕಾರಿಡಾರಿನ ತುದಿಯವರೆಗೆ ಇತ್ತು. ಹುಡುಗಿಯರ ಪೈಕಿ ಒಬ್ಬಳು ರಜೆ. ತಲೆಯೆತ್ತಲೂ ಪುರುಸೊತ್ತಿಲ್ಲದೆ ಕಟ್ಟುತ್ತಿದ್ದೆ. ನೆಕ್ಸ್ಟ್ ಎಂದೆ, ಒಬ್ಬಳು ಬಂದು ಸ್ಟೂಲಿನ ಮೇಲೆ ಕೂತಳು. ಹುಬ್ಬಿನ ಮೇಲೆ ಸೀಳು, ಹೊಲಿಗೆ ಹಾಕಿ ಕಳಿಸಿದ್ದರು. ಬಲಗೈಯ ಎರಡು ಬೆರಳು ಊದಿಕೊಂಡಿದ್ದವು. ಬಡಗಿಯ ಮಗಳು.

"ಹೇಗಾಯ್ತು?" ಎಂದೆ. ಎಲ್ಲರನ್ನೂ ಕೇಳುತ್ತೇನೆ.

"ಬಚ್ಚಲಲ್ಲಿ ಜಾರಿ ಬಿದ್ಲು" ಎಂದು ಬಾಗಿಲ ಬಳಿ ನಿಂತಿದ್ದ ಗಂಡ ಹೇಳಿದ. "ಸ್ವಲ್ಪ ಬೇಗ ಮಾಡಿ ಸಿಸ್ಟರ್, ಕೆಲಸ ಇದೆ."

ಬಚ್ಚಲಲ್ಲಿ ಜಾರಿದವರ ಕತ್ತಿನ ಮೇಲೆ ಬೆರಳಿನ ಗುರುತು ಇರುವುದಿಲ್ಲ. ಆದರೆ ಕೇಳುವುದು ಡಾಕ್ಟರ ಕೆಲಸ, ಅವರು ಕೇಳಿರುತ್ತಾರೆ. ನನ್ನದು ಕಟ್ಟುವುದು. ಹುಬ್ಬನ್ನು ಒರೆಸಿದೆ. ಅವಳು ಅಲುಗಲಿಲ್ಲ, ಸ್ಸ್ ಅಂತಲೂ ಅನ್ನಲಿಲ್ಲ. ಒರೆಸುವಷ್ಟು ಹೊತ್ತೂ ಅವಳ ಕಣ್ಣು ನನ್ನ ಎಡಗೈಯ ಮೇಲೆ ಇತ್ತು. ತೋಳು ಮಡಚಿಕೊಂಡಿದ್ದೆ. ಗುರುತು ಈಗ ಅಷ್ಟೇನೂ ಕಾಣುವುದಿಲ್ಲ.

"ನಿಮ್ಮ ಕೈ ವಾಸಿ ಆಯ್ತಾ ಸಿಸ್ಟರ್?" ಎಂದಳು. ಮೆಲ್ಲಗೆ. ಕುಹಕವಿರಲಿಲ್ಲ, ಸಿಟ್ಟೂ ಇರಲಿಲ್ಲ.

"ಆಯ್ತು" ಎಂದೆ.

"ಯಾವಾಗ?"

ಬೆರಳಿನ ಕಟ್ಟು ಬಿಗಿಯಾಯಿತೇ ಎಂದು ಕೇಳಿದೆ. ಇಲ್ಲ ಎಂದಳು. ನೀರು ತಾಗಿಸಬೇಡ, ಮೂರು ದಿನ ಬಿಟ್ಟು ಬಾ ಎಂದೆ. ಗಂಡ ಒಳಗೆ ಬಂದು ಅವಳ ತೋಳು ಹಿಡಿದು ಎಬ್ಬಿಸಿದ. ಅವಳು ಇನ್ನೂ ನನ್ನ ಕಡೆಯೇ ನೋಡುತ್ತಿದ್ದಳು. ಸಾಲು ಉದ್ದವಿತ್ತು. ನಾನು ನೆಕ್ಸ್ಟ್ ಎಂದೆ.